ಕಾಣೆಯಾದ 77 ಜಿಬಿ: ಕಣಜದ ಅಡಿಯಲ್ಲಿ ಇನ್ನೊಂದು ಕಣಜ

ಸಿಕ್ಕಿತು. ಮಿನಿ ಪಿಸಿಯ ಡಿಸ್ಕ್ ತುಂಬಿಸಿ, ಯಾವ ಫೈಲಿನ ಲೆಕ್ಕಕ್ಕೂ ಸಿಗದೆ ಮೂರು ಸಂಜೆ ಹುಡುಕಿಸಿದ 77 ಜಿಬಿ ಕೊನೆಗೂ ಸಿಕ್ಕಿತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತಾಯಿತು ಕಥೆ: ಮಾಲು ಇದ್ದದ್ದು ದಿನಾ ಕಣ್ಣಿಗೆ ಬೀಳುವ ಡೈರೆಕ್ಟರಿಯ ಅಡಿಯಲ್ಲೇ.

ಯಂತ್ರದ ಪರಿಚಯ ಎರಡೇ ಮಾತಲ್ಲಿ. ಡೆಬಿಯನ್ 12 ಲಿನಕ್ಸ್ ಓಡುವ ಮಿನಿ ಪಿಸಿ. ರೂಟ್‌ಗೆ (ಸಿಸ್ಟಮ್ ಕೂತಿರುವ ‘/’ ಎಂಬ ಮೂಲ ಡೈರೆಕ್ಟರಿಗೆ) 120 ಜಿಬಿ ಎಸ್‌ಎಸ್‌ಡಿ, ಫೋಟೊ ಮತ್ತು ಸ್ಕ್ಯಾನ್‌ಗಳಿಗೆ ಒಳಗಿನ 1 ಟಿಬಿ ಡಿಸ್ಕ್, ಬ್ಯಾಕಪ್‌ಗೆ ಯುಎಸ್‌ಬಿ ಡಾಕ್‌ನಲ್ಲಿ 3.5 ಇಂಚಿನ 4 ಟಿಬಿ ಡಿಸ್ಕ್. ಬ್ಯಾಕಪ್ ಡಿಸ್ಕ್ ಮೌಂಟ್ ಆಗುವ (ಅಂದರೆ ಡೈರೆಕ್ಟರಿಯಾಗಿ ಕಾಣಿಸಿಕೊಳ್ಳುವ) ಜಾಗ /ಎಂಎನ್‌ಟಿ/ಕಣಜ. ಫೈಲ್‌ಸಿಸ್ಟಮ್ ಎಲ್ಲ ಕಡೆ ಇಎಕ್ಸ್‌ಟಿ4. ಇನ್‌ಸ್ಟಾಲ್, ಎಸ್‌ಎಸ್‌ಎಚ್ ಕೀ, ಫೈರ್‌ವಾಲ್ ವಿಚಾರ ಇಲ್ಲಿ ಬೇಡ, ಅದು ಎಲ್ಲರಿಗೂ ಬಾಯಿಪಾಠ.

ರೋಗ ಮೊದಲು ಕಂಡದ್ದು ಟ್ಯಾಬ್ ಕೀಯಲ್ಲಿ. ಅರ್ಧ ಕಮಾಂಡ್ ಬರೆದು ಟ್ಯಾಬ್ ಒತ್ತಿದರೆ ಬ್ಯಾಶ್ ಶೆಲ್ (ಕಮಾಂಡ್ ಓದಿ ನಡೆಸುವ ಪ್ರೋಗ್ರಾಂ) ಗೊಣಗುತ್ತದೆ: ‘ಕೆನಾಟ್ ಕ್ರಿಯೇಟ್ ಟೆಂಪ್ ಫೈಲ್ ಫಾರ್ ಹಿಯರ್-ಡಾಕ್ಯುಮೆಂಟ್: ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’. ಡಿಸ್ಕ್ ತುಂಬಿದೆ ಅಂತ ಹೇಳೋಕೆ ಇದಕ್ಕಿಂತ ವಕ್ರದಾರಿ ಇಲ್ಲ. ಹೆಸರು ಪೂರ್ತಿ ಮಾಡಿಕೊಡುವ ಸ್ಕ್ರಿಪ್ಟ್‌ಗೂ /ಟಿಎಂಪಿಯಲ್ಲಿ ಒಂದು ಚೂರು ಜಾಗ ಬೇಕು, ಅದಕ್ಕೂ ಗತಿಯಿಲ್ಲ. ಇದು ಕಂಡರೆ ಬೇರೆ ಯೋಚನೆ ಬಿಟ್ಟು ಸೀದಾ ಡಿಸ್ಕ್‌ನ ಜಾಗ ಹೇಳುವ ಡಿಎಫ್ ಕಮಾಂಡ್ ಕಡೆ ಹೋಗಿ.

ಡಿಎಫ್ -ಎಚ್ ಹೇಳಿದ್ದು: ರೂಟ್ 108 ಜಿಬಿ, ಬಳಕೆ 108 ಜಿಬಿ, ಉಳಿದದ್ದು ಸೊನ್ನೆ.
ಡಿಯು -ಎಕ್ಸ್‌ಎಸ್‌ಎಚ್ / ಹೇಳಿದ್ದು: 30 ಜಿಬಿ.

ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಡಿಎಫ್ ಸೀದಾ ಫೈಲ್‌ಸಿಸ್ಟಮ್‌ನ ಲೆಕ್ಕದ ಪುಸ್ತಕ ನೋಡಿ ಎಷ್ಟು ಬ್ಲಾಕ್ ಖರ್ಚಾಗಿದೆ ಅನ್ನುತ್ತದೆ. ಡಿಯು ಮನೆಮನೆ ಸುತ್ತುವ ಜನಗಣತಿಯವನ ಹಾಗೆ ಡೈರೆಕ್ಟರಿಯಿಂದ ಡೈರೆಕ್ಟರಿಗೆ ನಡೆದು, ಕಂಡ ಫೈಲನ್ನು ಮಾತ್ರ ಎಣಿಸುತ್ತದೆ. ಹೆಸರು ಹಿಡಿದು ತಲುಪಲಾಗದ ಫೈಲು ಡಿಯು ಪಾಲಿಗೆ ಇಲ್ಲವೇ ಇಲ್ಲ. ಎನ್‌ಸಿಡಿಯು ಬಣ್ಣ ಹಚ್ಚಿಕೊಂಡ ಡಿಯು ಅಷ್ಟೇ, ಅದಕ್ಕೂ ಅದೇ ಕುರುಡು. ಹಾಗಾಗಿ ಪ್ರಶ್ನೆ ಇಷ್ಟು: ಹೆಸರಿಗೆ ಸಿಗದ 78 ಜಿಬಿ ಎಲ್ಲಿ?

ಐನೋಡ್ (ಪ್ರತಿ ಫೈಲಿಗೂ ಬೇಕಾದ ದಾಖಲೆ ಚೀಟಿ) ಮುಗಿದಿರಬಹುದೇ ಅಂತ ಡಿಎಫ್ -ಐ ನೋಡಿದ್ದಾಯಿತು. ಇಎಕ್ಸ್‌ಟಿ4 ಸಾಮಾನ್ಯವಾಗಿ ಪ್ರತಿ 16 ಕೆಬಿಗೆ ಒಂದು ಐನೋಡ್ ಇಡುತ್ತದೆ, ಈ ಗಾತ್ರಕ್ಕೆ ಸುಮಾರು 72 ಲಕ್ಷ. ಬಳಸಿದ್ದು 6%. ಐನೋಡ್ ಮುಗಿದಾಗ ಬರುವುದೂ ಇದೇ ‘ನೋ ಸ್ಪೇಸ್’ ಬೈಗುಳ, ಆದರೆ ಆಗ ಡಿಎಫ್ -ಎಚ್ ಜಾಗ ಬೇಕಾದಷ್ಟಿದೆ ಅನ್ನುತ್ತದೆ. ಇಲ್ಲಿ ಆ ಕೇಸಲ್ಲ.

ಎರಡನೇ ಗುಮಾನಿ, ಅಳಿಸಿದರೂ ಯಾರೋ ತೆರೆದಿಟ್ಟುಕೊಂಡ ಫೈಲು. ಎಲ್‌ಎಸ್‌ಒಎಫ್ +ಎಲ್1 ಕೊಟ್ಟರೆ ಲಿಂಕ್ ಎಣಿಕೆ (ಫೈಲಿಗಿರುವ ಹೆಸರುಗಳ ಸಂಖ್ಯೆ) ಸೊನ್ನೆಯಾದ, ಆದರೂ ಯಾವುದಾದರೂ ಪ್ರೊಸೆಸ್‌ನ ಕೈಯಲ್ಲಿರುವ ಫೈಲುಗಳೆಲ್ಲ ಬರುತ್ತವೆ. ಸಿಕ್ಕಿತು ಒಂದು: ಮರಿಯಾಡಿಬಿಯ ಸ್ಲೋ ಲಾಗ್, 1.1 ಜಿಬಿ. ಲಾಗ್ ದೊಡ್ಡದಾಯಿತೆಂದು ಆರ್‌ಎಂ (ಅಳಿಸುವ ಕಮಾಂಡ್) ಹೊಡೆದವರಿಗೆ ನಮಸ್ಕಾರ. ಡೇಟಾಬೇಸ್ ನಿಲ್ಲಿಸುವ ಅಗತ್ಯವಿಲ್ಲ. ಎಲ್‌ಎಸ್‌ಒಎಫ್ ತೋರಿಸಿದ ಪಿಐಡಿ (ಪ್ರೊಸೆಸ್‌ನ ಸಂಖ್ಯೆ) ಮತ್ತು ಎಫ್‌ಡಿ (ತೆರೆದ ಫೈಲಿನ) ಸಂಖ್ಯೆ ಹಿಡಿದು, ರೂಟ್ ಬಳಕೆದಾರನ (ಎಲ್ಲ ಅಧಿಕಾರ ಇರುವವನ) ಶೆಲ್‌ನಲ್ಲೇ ಇದನ್ನು ಕೊಟ್ಟರೆ ಫೈಲು ಸೊನ್ನೆಗೆ ಇಳಿಯುತ್ತದೆ:

: > /ಪ್ರೊಕ್/ಪಿಐಡಿ/ಎಫ್‌ಡಿ/ಸಂಖ್ಯೆ

ಸುಡೊ (ರೂಟ್ ಅಧಿಕಾರದಲ್ಲಿ ಓಡಿಸುವ ಕಮಾಂಡ್) ಮುಂದಿಟ್ಟರೆ ಕೆಲಸವಾಗದು, ಯಾಕೆಂದರೆ ಆ ‘>’ ಚಿಹ್ನೆಯನ್ನು ಓಡಿಸುವುದು ನಿಮ್ಮ ಶೆಲ್, ಸುಡೊ ಅಲ್ಲ. 1.1 ಜಿಬಿ ಬಂತು, ಟ್ಯಾಬ್ ಕೀಗೆ ಜೀವ ಬಂತು. ಇನ್ನೂ 77 ಬಾಕಿ.

ಈ ಹಂತದಲ್ಲಿ ಯಾರನ್ನು ಕೇಳಿದರೂ ಬರುವ ಸಲಹೆ ‘ಟ್ಯೂನ್2ಎಫ್‌ಎಸ್ -ಎಂ 1’. ಇಎಕ್ಸ್‌ಟಿ4 ಶೇಕಡಾ 5ರಷ್ಟು ಬ್ಲಾಕ್‌ಗಳನ್ನು ರೂಟ್ ಬಳಕೆದಾರನಿಗಾಗಿ ಕಾಯ್ದಿಡುತ್ತದೆ, ಅದನ್ನು 1ಕ್ಕೆ ಇಳಿಸಿದರೆ ನಾಲ್ಕೈದು ಜಿಬಿ ಸಿಗುತ್ತದೆ ಅನ್ನುವ ಲೆಕ್ಕ. ಮಾತು ಸರಿಯೇ, ಆದರೆ ಇಲ್ಲಿ ದಕ್ಕುವುದು ಏನೂ ಇಲ್ಲ. ಡಿಎಫ್‌ನಲ್ಲಿ ಗಾತ್ರವೂ ಬಳಕೆಯೂ ಎರಡೂ 108 ಅಂತ ಇತ್ತು, ಗಮನಿಸಿ. ಮಾಮೂಲಿ ಬಳಕೆದಾರನ ಪ್ರೊಸೆಸ್ ತುಂಬಿಸಿದ್ದರೆ ಬಳಕೆ 102-103ರ ಆಸುಪಾಸಿನಲ್ಲಿ ನಿಲ್ಲಬೇಕಿತ್ತು. ಅಂದರೆ ಕಾಯ್ದಿಟ್ಟದ್ದನ್ನೂ ಯಾರೋ ನೆಕ್ಕಿದ್ದಾರೆ, ಹಾಗೆ ನೆಕ್ಕಲು ಸಾಧ್ಯ ಇರುವುದು ರೂಟ್‌ಗೆ ಮಾತ್ರ. ಇದು ಒಳ್ಳೆಯ ಸುಳಿವು, ಮೊದಲ ಸಂಜೆಯೇ ಹಿಡಿಯಬೇಕಿತ್ತು. ಈ ಯಂತ್ರದಲ್ಲಿ ರೂಟ್ ಆಗಿ ದೊಡ್ಡ ಪ್ರಮಾಣದಲ್ಲಿ ಬರೆಯುವುದು ಒಂದೇ ಒಂದು, ಬ್ಯಾಕಪ್‌ಗೆ ಫೈಲು ನಕಲಿಸುವ ಆರ್‌ಸಿಂಕ್. ಆದರೆ ಅದು ಬರೆಯುವುದು ಕಣಜಕ್ಕಲ್ಲವೇ?

ಉಳಿದದ್ದು ಒಂದೇ ದಾರಿ: ಮೌಂಟ್ ಪಾಯಿಂಟ್‌ನ ಅಡಿ ನೋಡುವುದು. ಒಂದು ಡೈರೆಕ್ಟರಿಯ ಮೇಲೆ ಡಿಸ್ಕ್ ಮೌಂಟ್ ಆದಾಗ ಆ ಡೈರೆಕ್ಟರಿಯಲ್ಲಿ ಮೊದಲೇ ಇದ್ದದ್ದು ಎಲ್ಲೂ ಹೋಗುವುದಿಲ್ಲ, ಚಾಪೆ ಹಾಸಿದ ಹಾಗೆ ಮುಚ್ಚಿಹೋಗುತ್ತದೆ. ಅನ್‌ಮೌಂಟ್ ಮಾಡಿ ನೋಡೋಣವೆಂದರೆ ಸಾಂಬಾ (ನೆಟ್‌ವರ್ಕ್‌ನಲ್ಲಿ ಫೈಲು ಹಂಚುವ ಸರ್ವಿಸ್) ಹಿಡಿದುಕೊಂಡು ‘ಟಾರ್ಗೆಟ್ ಈಸ್ ಬಿಝಿ’ ಅನ್ನುತ್ತದೆ. ಅನ್‌ಮೌಂಟ್ ಬೇಕಿಲ್ಲ, ಮೇಲಿನ ಚಾಪೆಯಿಲ್ಲದೆ ರೂಟ್ ಡೈರೆಕ್ಟರಿಯನ್ನು ಇನ್ನೊಂದು ಜಾಗದಲ್ಲಿ ತೋರಿಸುವ ಬೈಂಡ್ ಮೌಂಟ್ ಸಾಕು:

ಎಂಕೆಡಿಐಆರ್ /ರನ್/ಬೇರು
ಮೌಂಟ್ --ಬೈಂಡ್ / /ರನ್/ಬೇರು
ಡಿಯು -ಎಕ್ಸ್‌ಎಚ್ --ಮ್ಯಾಕ್ಸ್-ಡೆಪ್ತ್=2 /ರನ್/ಬೇರು | ಸಾರ್ಟ್ -ಎಚ್

/ರನ್ ಯಾಕೆ? ರೂಟ್ ಪೂರ್ತಿ ತುಂಬಿರುವಾಗ ಹೊಸ ಡೈರೆಕ್ಟರಿಗೆ ಬೇಕಾದ ಒಂದು 4 ಕೆಬಿ ಬ್ಲಾಕ್ ಕೂಡ ಸಿಗದೆ ಎಂಕೆಡಿಐಆರ್ ಮಗುಚಿಕೊಳ್ಳಬಹುದು. /ರನ್ ಇರುವುದು ಮೆಮೊರಿಯಲ್ಲಿ, ಅಲ್ಲಿ ಆ ತಾಪತ್ರಯವಿಲ್ಲ. ಇನ್ನೊಂದು ಮಾತು, --ಆರ್‌ಬೈಂಡ್ ಕೊಟ್ಟರೆ ಒಳಗಿನ ಮೌಂಟ್‌ಗಳೂ ಜೊತೆಗೆ ಬಂದು ಮತ್ತೆ ಮುಚ್ಚಿಬಿಡುತ್ತವೆ. ಬರೀ --ಬೈಂಡ್ ಇರಲಿ.

ಸಾರ್ಟ್‌ನ ಕೊನೆಯ ಸಾಲುಗಳಲ್ಲಿ ಕೂತಿತ್ತು: 77 ಜಿಬಿ, /ರನ್/ಬೇರು/ಎಂಎನ್‌ಟಿ/ಕಣಜ. 4 ಟಿಬಿಯ ಕಣಜದ ಅಡಿಯಲ್ಲಿ, ಎಸ್‌ಎಸ್‌ಡಿಯ ಮೇಲೆ, ಅರ್ಧಂಬರ್ಧ ಬ್ಯಾಕಪ್.

ಸಿಕ್ಕ ಖುಷಿಯಲ್ಲಿ ಆರ್‌ಎಂ -ಆರ್‌ಎಫ್ ಹೊಡೆಯುವ ಮುನ್ನ ಎರಡು ಕೆಲಸ. ಫೈಂಡ್‌ಎಂಎನ್‌ಟಿ -ಟಿ /ರನ್/ಬೇರು/ಎಂಎನ್‌ಟಿ/ಕಣಜ ಕೊಟ್ಟು, ಉತ್ತರದಲ್ಲಿ ಎಸ್‌ಎಸ್‌ಡಿಯ ಪಾರ್ಟಿಶನ್ ಬರುತ್ತದೆಯೇ ನೋಡಿ. ಯುಎಸ್‌ಬಿ ಡಿಸ್ಕ್ ಬಂದರೆ ಅಲ್ಲೇ ಕೈ ತೆಗೆಯಿರಿ. ಆಮೇಲೆ ಅಡಿಯ ಪ್ರತಿಯಿಂದ ಮೇಲಿನ ಪ್ರತಿಗೆ ಆರ್‌ಸಿಂಕ್ -ಎಎನ್‌ವಿ ಓಡಿಸಿ. ಎನ್ ಇರುವುದರಿಂದ ಏನೂ ನಕಲಾಗದು, ಅಡಿಯಲ್ಲಿ ಮಾತ್ರ ಇರುವ ಫೈಲು ಇದ್ದರೆ ಪಟ್ಟಿಯಾಗುತ್ತದೆ. ಇಲ್ಲಿ ಒಂದೂ ಇರಲಿಲ್ಲ. ಅಳಿಸಿದ ಮೇಲೆ, ಖಾಲಿಯಾದ ಬ್ಲಾಕ್‌ಗಳನ್ನು ಎಸ್‌ಎಸ್‌ಡಿಗೆ ತಿಳಿಸಲು ಎಫ್‌ಎಸ್‌ಟ್ರಿಮ್ -ವಿ /. ಬಳಕೆ 30%ಕ್ಕೆ ಇಳಿಯಿತು.

ಈಗ ಅಸಲಿ ತಲೆನೋವು. ಕಣಜ ಮೌಂಟ್ ಆಗಿಯೇ ಇದೆ, ಪ್ರತಿ ರಾತ್ರಿಯ ಬ್ಯಾಕಪ್ ಸೊನ್ನೆ ಎಕ್ಸಿಟ್ ಕೋಡ್‌ನಲ್ಲಿ (ಅಂದರೆ ತಪ್ಪಿಲ್ಲದೆ) ಮುಗಿದಿದೆ. ಅಡಿಗೆ ಬರೆದದ್ದು ಯಾವಾಗ, ಹೇಗೆ?

ಸಿಸ್ಟಮ್‌ನ ಲಾಗ್ ತೋರಿಸುವ ಜರ್ನಲ್‌ಸಿಟಿಎಲ್ -ಬಿ -ಒ ಶಾರ್ಟ್-ಮೊನೊಟಾನಿಕ್ ಕೊಟ್ಟರೆ ಗಡಿಯಾರದ ಸಮಯದ ಬದಲು ಬೂಟ್ ಆದಾಗಿನಿಂದ ಎಷ್ಟು ಸೆಕೆಂಡ್ ಅಂತ ಬರುತ್ತದೆ. ಓಟದ ಪಂದ್ಯದ ಫೋಟೊ ಫಿನಿಶ್ ಇದ್ದ ಹಾಗೆ:

9.41 – ಬ್ಯಾಕಪ್ ಸರ್ವಿಸ್ ಶುರು
31.72 – ಕಣಜ ಮೌಂಟ್

ಕರೆಂಟ್ ಹೋದದ್ದು ರಾತ್ರಿ ಒಂದಕ್ಕೆ, ಬಂದದ್ದು ಐದು ದಾಟಿದ ಮೇಲೆ. ಬ್ಯಾಕಪ್‌ನ ಟೈಮರ್ ಇದ್ದದ್ದು 2:30ಕ್ಕೆ, ಅದರಲ್ಲಿ ಪರ್ಸಿಸ್ಟೆಂಟ್=ಟ್ರೂ. ಅಂದರೆ ತಪ್ಪಿಹೋದ ಸರದಿಯನ್ನು ಬೂಟ್ ಆದ ಕೂಡಲೇ ತೀರಿಸು. ಅತ್ತ ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್ ಆಗುವಾಗ ಮೌಂಟ್ ಆಗಬೇಕಾದ ಡಿಸ್ಕ್‌ಗಳ ಪಟ್ಟಿ) ಕಣಜಕ್ಕೆ ನೋಫೇಲ್. ಅದಿಲ್ಲದಿದ್ದರೆ ಡಿಸ್ಕ್ ಕಾಣದ ದಿನ ಯಂತ್ರ ಎಮರ್ಜೆನ್ಸಿ ಮೋಡ್‌ಗೆ ಬಿದ್ದು, ಕೀಬೋರ್ಡು ಮಾನಿಟರು ಹೊತ್ತುಕೊಂಡು ಅಟ್ಟ ಹತ್ತಬೇಕು. ಆದರೆ ನೋಫೇಲ್ ಹಾಕಿದಾಗ ಇನ್ನೊಂದು ಆಗುತ್ತದೆ: ಬೂಟ್ ಆ ಮೌಂಟ್‌ಗಾಗಿ ಕಾಯುವುದಿಲ್ಲ. ಎರಡೂ ಒಳ್ಳೆಯ ಸೆಟ್ಟಿಂಗೇ, ಒಟ್ಟಿಗೆ ಸೇರಿದಾಗ ಕಿತಾಪತಿ.

ಸರಿ, 22 ಸೆಕೆಂಡಿನಲ್ಲಿ ಎಷ್ಟು ಬರೆದೀತು? ಎರಡು ಜಿಬಿ. ಡಿಸ್ಕ್ ಮೌಂಟ್ ಆದ ಮೇಲೆ ಬರೆಯುವುದು ಡಿಸ್ಕ್‌ಗೇ ಹೋಗಬೇಕಲ್ಲ? ಇಲ್ಲೇ ಎರಡನೇ ಸಂಜೆ ಮುಗಿದದ್ದು. ಆರ್‌ಸಿಂಕ್ ಶುರುವಾದೊಡನೆ ಗುರಿ ಡೈರೆಕ್ಟರಿಯ ಒಳಕ್ಕೆ ಹೋಗಿ ಕೂತು, ಅಲ್ಲಿಂದ ಸಾಪೇಕ್ಷ ಪಾಥ್‌ಗಳಲ್ಲಿ ಬರೆಯುತ್ತದೆ. ಪ್ರೊಸೆಸ್‌ನ ಸದ್ಯದ ಡೈರೆಕ್ಟರಿ ಕರ್ನಲ್‌ಗೆ ಹೆಸರಲ್ಲ, ಹಿಡಿದಿಟ್ಟ ಒಂದು ಜಾಗ. ಹೊರಗೆ ಬಾಗಿಲಿಗೆ ಬೀಗ ಜಡಿದರೂ ಒಳಗೆ ಕೂತವನಿಗೆ ಅದರ ಗೊಡವೆಯಿಲ್ಲ. ಮೇಲೆ ಡಿಸ್ಕ್ ಬಂದು ಕೂತರೂ ಆರ್‌ಸಿಂಕ್ ಹಳೆಯ ಖಾಲಿ ಡೈರೆಕ್ಟರಿಗೇ ಸುರಿಯುತ್ತಾ ಹೋಯಿತು. ಖಾಲಿ ಇದ್ದದ್ದರಿಂದ ಎಲ್ಲವೂ ‘ಹೊಸ’ ಫೈಲು. ಕಾಲು ಗಂಟೆಯೊಳಗೆ ರೂಟ್ ಭರ್ತಿ, ಆರ್‌ಸಿಂಕ್ ಕೋಡ್ 11ರಲ್ಲಿ (ಫೈಲು ಓದಿ-ಬರೆಯುವ ದೋಷ) ಸತ್ತಿತು, ಸತ್ತ ಮೇಲೆ ತೆರೆದ ಫೈಲೂ ಇಲ್ಲ, ಎಲ್‌ಎಸ್‌ಒಎಫ್‌ಗೆ ಸುಳಿವೂ ಇಲ್ಲ. ಮರುದಿನ ರಾತ್ರಿ ಅದೇ ಸ್ಕ್ರಿಪ್ಟ್ ಸರಿಯಾದ ಡಿಸ್ಕ್‌ಗೆ ಬರೆದು ‘ಯಶಸ್ವಿ’ ಅಂದಿತು.

ಡಿಸ್ಕ್ ಏಳಲು ಮೂವತ್ತು ಸೆಕೆಂಡು ಯಾಕೆ ಬೇಕಾಯಿತು ಅನ್ನುವುದಕ್ಕೆ ಉತ್ತರ ಡಾಕ್‌ನ ಅಡಾಪ್ಟರ್‌ನ ಬೆನ್ನ ಮೇಲಿದೆ. ಡಬ್ಬಿಯ ಮೇಲೆ ‘12 ವೋಲ್ಟ್, 2 ಆಂಪ್’. ಒಳಗಿನ ಅಡಾಪ್ಟರ್‌ನ ಸ್ಟಿಕರ್‌ನಲ್ಲಿ 1.5 ಆಂಪ್. 3.5 ಇಂಚಿನ ಡಿಸ್ಕ್ ತಿರುಗಲು ಶುರುವಾಗುವಾಗ 12 ವೋಲ್ಟ್‌ನಲ್ಲಿ 2 ಆಂಪ್‌ನಷ್ಟು ಎಳೆಯುತ್ತದೆ. ಕಿವಿಗೊಟ್ಟರೆ ಕೇಳುತ್ತದೆ: ಜುಂಯ್… ಟಕ್. ಮತ್ತೆ ಜುಂಯ್… ಟಕ್. ಮೂರನೇ ಸಲಕ್ಕೆ ಏಳುತ್ತದೆ. ಅಂಗಡಿಯವರನ್ನು ಕೇಳಿದರೆ ‘ಎಲ್ಲರಿಗೂ ಇದೇ ಕೊಡೋದು ಸಾರ್, ಯಾರೂ ಕಂಪ್ಲೇಂಟ್ ಮಾಡಿಲ್ಲ’. ಮಾಡುವುದು ಹೇಗೆ, ಅವರ ರೂಟ್ ಇನ್ನೂ ತುಂಬಿರಲಿಕ್ಕಿಲ್ಲ.

ಇಲ್ಲೊಂದು ಅಡ್ಡದಾರಿ. ಬೇರು ಕರೆಂಟಿನಲ್ಲೇ ಇರುವುದರಿಂದ ಮುಂದಿನ ಪ್ರಾಜೆಕ್ಟ್ ಯುಪಿಎಸ್ ಮತ್ತು ಅದರೊಡನೆ ಮಾತಾಡುವ ನಟ್ ಸಾಫ್ಟ್‌ವೇರ್. 600 ವಿಎ ಪೆಟ್ಟಿಗೆ ಸಿಗುವುದು ಸುಲಭ, ಯುಎಸ್‌ಬಿ ಪೋರ್ಟ್ ಇರುವುದು ಹುಡುಕುವುದೇ ಕೆಲಸ. ಅಗ್ಗದ ಪೆಟ್ಟಿಗೆಗಳಲ್ಲಿ ಬಹುಪಾಲು ಮೆಗಾಟೆಕ್ ಭಾಷೆಯ ಯಾವುದೋ ಉಪಭಾಷೆ ಮಾತಾಡುತ್ತವೆ, ಅವಕ್ಕೆ ನಟ್‌ಡಿಆರ್‌ವಿ_ಕ್ಯೂಎಕ್ಸ್ ಡ್ರೈವರ್. ಬ್ಯಾಟರಿ ಶೇಕಡಾ ಎಷ್ಟಿದೆ ಅಂತ ಎಷ್ಟೋ ಮಾಡೆಲ್ ಹೇಳುವುದೇ ಇಲ್ಲ, ರನ್‌ಟೈಮ್‌ಕ್ಯಾಲ್ ಕೊಟ್ಟು ಅಂದಾಜು ಕಟ್ಟಿಸಬೇಕು. ಅದರ ಲಾಗ್ ಬೇರೆಯೇ ಬರೆಯಬೇಕಾಗುತ್ತದೆ.

ಮತ್ತೆ ಕಣಜಕ್ಕೆ. ದುರಸ್ತಿ ಮೂರು ಪದರದಲ್ಲಿ.

ಮೊದಲನೆಯದು, ಎಲ್ಲಕ್ಕಿಂತ ಅಗ್ಗ: ಅಡಿಯ ಖಾಲಿ ಡೈರೆಕ್ಟರಿಗೆ ಬೀಗ. ಬೈಂಡ್ ಮೌಂಟ್ ಇನ್ನೂ ಇರುವಾಗಲೇ ಸಿಎಚ್‌ಎಟಿಟಿಆರ್ +ಐ /ರನ್/ಬೇರು/ಎಂಎನ್‌ಟಿ/ಕಣಜ. ಇನ್ನು ಅಲ್ಲಿ ರೂಟ್ ಕೂಡ ಫೈಲ್ ಹುಟ್ಟಿಸಲಾಗದು, ಆದರೆ ಅದರ ಮೇಲೆ ಡಿಸ್ಕ್ ಮೌಂಟ್ ಮಾಡಲು ಅಡ್ಡಿಯಿಲ್ಲ. ಡಿಸ್ಕ್ ಇಲ್ಲದ ದಿನ ಆರ್‌ಸಿಂಕ್ ಮೊದಲ ಫೈಲಿಗೇ ‘ಆಪರೇಶನ್ ನಾಟ್ ಪರ್ಮಿಟೆಡ್’ ಎಂದು ಮುಗ್ಗರಿಸುತ್ತದೆ. ಈ ಒಂದು ಸಾಲು ಮೊದಲೇ ಇದ್ದಿದ್ದರೆ ಈ ಲಾಗ್ ಬರೆಯುವ ಪ್ರಮೇಯವೇ ಇರಲಿಲ್ಲ. ಮುಗಿದ ಮೇಲೆ ಅನ್‌ಮೌಂಟ್ /ರನ್/ಬೇರು ಮರೆಯಬೇಡಿ.

ಎರಡನೆಯದು, ಸರ್ವಿಸ್ ಫೈಲಿನ ಯೂನಿಟ್ ಭಾಗದಲ್ಲಿ ರಿಕ್ವೈರ್ಸ್‌ಮೌಂಟ್ಸ್‌ಫಾರ್=/ಎಂಎನ್‌ಟಿ/ಕಣಜ. ಮೌಂಟ್ ಬೇಕೇ ಬೇಕು, ಅದಾದ ಮೇಲೆಯೇ ಶುರುವಾಗು ಅನ್ನುವ ಎರಡೂ ಷರತ್ತು ಇದರಲ್ಲೇ ಬರುತ್ತದೆ. ಇದನ್ನು ಆಫ್ಟರ್= ಬಳಸಿ, ಮೌಂಟ್‌ನ ಯೂನಿಟ್ ಹೆಸರು ಹಾಕಿ ಕೈಯಲ್ಲಿ ಬರೆಯಹೋದರೆ ಕನ್ನಡ ಹೆಸರಿನ ಬೆಲೆ ಗೊತ್ತಾಗುತ್ತದೆ. ಸರ್ವಿಸ್, ಟೈಮರ್, ಮೌಂಟ್‌ಗಳನ್ನು ನಡೆಸುವ ಸಿಸ್ಟಮ್‌ಡಿ ಅವುಗಳ ಯೂನಿಟ್ ಹೆಸರಿನಲ್ಲಿ ಆಸ್ಕಿ (ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆ) ಅಲ್ಲದ ಪ್ರತಿ ಬೈಟನ್ನೂ ನಾಲ್ಕು ಅಕ್ಷರದ ಸಂಕೇತಕ್ಕೆ ಇಳಿಸುತ್ತದೆ. ‘ಕಣಜ’ ಯುಟಿಎಫ್-8ರಲ್ಲಿ 9 ಬೈಟ್, ಯೂನಿಟ್ ಹೆಸರಿನಲ್ಲಿ 36 ಅಕ್ಷರದ ಬಾಲ. ಸಿಸ್ಟಮ್‌ಡಿ-ಎಸ್ಕೇಪ್ -ಪಿ ಓಡಿಸಿ ನೋಡಿ, ಮೂರಕ್ಷರದ ಪದ ರೈಲಿನಷ್ಟು ಉದ್ದ ಆಗುತ್ತದೆ. ರಿಕ್ವೈರ್ಸ್‌ಮೌಂಟ್ಸ್‌ಫಾರ್ ಕೇಳುವುದು ಬರೀ ಪಾಥ್, ಬಚಾವ್. (ಇದೇ ಲೆಕ್ಕದಲ್ಲಿ ಫೈಲ್ ಹೆಸರಿಗೆ ಇಎಕ್ಸ್‌ಟಿ4 ಇಟ್ಟಿರುವ 255 ಬೈಟ್ ಮಿತಿಗೆ ಕನ್ನಡದ 85 ಯೂನಿಕೋಡ್ ಸಂಕೇತ ಮಾತ್ರ ಹಿಡಿಯುತ್ತವೆ. ‘ಕ್ಷ’ ಒಂದಕ್ಕೇ ಮೂರು ಸಂಕೇತ, 9 ಬೈಟ್. ಸ್ಕ್ಯಾನ್‌ಗಳಿಗೆ ಪ್ಯಾರಾ ಉದ್ದದ ಹೆಸರಿಡುವವರು ನೆನಪಿಡಿ.)

ಮೂರನೆಯದು ಸ್ಕ್ರಿಪ್ಟ್‌ನ ತಲೆಯಲ್ಲಿ: ಮೌಂಟ್‌ಪಾಯಿಂಟ್ -ಕ್ಯು /ಎಂಎನ್‌ಟಿ/ಕಣಜ || ಎಕ್ಸಿಟ್ 1 (ಮೌಂಟ್ ಆಗಿಲ್ಲದಿದ್ದರೆ ಅಲ್ಲಿಗೇ ನಿಲ್ಲು). ಸಿಸ್ಟಮ್‌ಡಿ ಇದ್ದೂ ಇದ್ಯಾಕೆ ಅಂದರೆ, ಸ್ಕ್ರಿಪ್ಟನ್ನು ಕೈಯಲ್ಲಿ ಓಡಿಸುವ ದಿನ ಬಂದೇ ಬರುತ್ತದೆ. ಸರ್ವಿಸ್ ಫೈಲಿನಲ್ಲಿ ಕಂಡಿಷನ್‌ಪಾಥ್‌ಈಸ್‌ಮೌಂಟ್‌ಪಾಯಿಂಟ್ ಷರತ್ತು ಹಾಕಿ ನೆಮ್ಮದಿಯಾಗಿರುವವರಿಗೆ ಒಂದು ಕಿವಿಮಾತು: ಷರತ್ತು ತಪ್ಪಿದರೆ ಅದು ಸದ್ದಿಲ್ಲದೆ ಸರ್ವಿಸ್ ಬಿಟ್ಟುಬಿಡುತ್ತದೆ. ಅಸರ್ಟ್ ರೂಪ ಲಾಗ್‌ನಲ್ಲಿ ಕೂಗುತ್ತದೆ, ಆದರೂ ಯೂನಿಟ್ ‘ಫೇಲ್ಡ್’ ಸ್ಥಿತಿಗೆ ಹೋಗುವುದಿಲ್ಲ. ಸ್ಕ್ರಿಪ್ಟ್‌ನ ಎಕ್ಸಿಟ್ 1 ಆದರೆ ಯೂನಿಟ್ ನಿಜವಾಗಿ ಫೇಲಾಗಿ ಆನ್‌ಫೇಲ್ಯೂರ್= ಮೂಲಕ ಮೇಲ್ ಬರುತ್ತದೆ.

ಇದೇ ತಪ್ಪು ಉಲ್ಟಾ ದಿಕ್ಕಿನಲ್ಲಿ ಆದರೆ ಇನ್ನೂ ಕೆಟ್ಟದ್ದು. ಮೂಲದ 1 ಟಿಬಿ ಡಿಸ್ಕ್ ಮೌಂಟ್ ಆಗದೆ, ಆರ್‌ಸಿಂಕ್‌ಗೆ --ಡಿಲೀಟ್ ಇದ್ದರೆ, ಖಾಲಿ ಮೂಲಕ್ಕೆ ಹೊಂದಿಸಲು ಕಣಜವನ್ನೇ ಖಾಲಿ ಮಾಡುತ್ತದೆ. ಹಾಗಾಗಿ ರಿಕ್ವೈರ್ಸ್‌ಮೌಂಟ್ಸ್‌ಫಾರ್‌ನಲ್ಲಿ ಈಗ ಎರಡೂ ಪಾಥ್, ಸ್ಕ್ರಿಪ್ಟ್‌ನಲ್ಲಿ ಎರಡೂ ತಪಾಸಣೆ, ಜೊತೆಗೆ --ಮ್ಯಾಕ್ಸ್-ಡಿಲೀಟ್=500 (500ಕ್ಕಿಂತ ಹೆಚ್ಚು ಅಳಿಸಬೇಡ).

ಪರೀಕ್ಷೆ: ಡಾಕ್‌ನ ಪ್ಲಗ್ ಕಿತ್ತು, ಟೈಮರ್ ಸರದಿ ತಪ್ಪುವಂತೆ ಯಂತ್ರ ಆರಿಸಿಟ್ಟು, ಆಮೇಲೆ ಬೂಟ್. ಎಫ್‌ಎಸ್‌ಟ್ಯಾಬ್‌ನಲ್ಲಿ ಎಕ್ಸ್-ಸಿಸ್ಟಮ್‌ಡಿ.ಡಿವೈಸ್-ಟೈಮ್‌ಔಟ್=60 ಇದ್ದದ್ದರಿಂದ ಒಂದು ನಿಮಿಷ ಕಾದು ‘ಡಿಪೆಂಡೆನ್ಸಿ ಫೇಲ್ಡ್’, ಹಿಂದೆಯೇ ಮೇಲ್. ರೂಟ್‌ನಲ್ಲಿ ಒಂದು ಬೈಟೂ ಏರಿಲ್ಲ. ಪ್ಲಗ್ ಹಾಕಿ ಮತ್ತೆ ಬೂಟ್ ಮಾಡಿದರೆ ಮೌಂಟ್ 31ನೇ ಸೆಕೆಂಡಿಗೆ, ಬ್ಯಾಕಪ್ 32ಕ್ಕೆ. ಹೊಸ 12 ವೋಲ್ಟ್, 3 ಆಂಪ್ ಅಡಾಪ್ಟರ್ ಈ ವಾರ ಬರಬೇಕು. ಡಬ್ಬಿ ಬಿಚ್ಚಿದ ಕೂಡಲೇ ಮೊದಲು ಸ್ಟಿಕರ್ ಓದುವುದು, ಆಮೇಲೆ ದುಡ್ಡು.