ಬಾಳೋ, ಕತ್ತಿಯೋ?

ಇವತ್ತು ಅಕ್ಕನ ಮಗ ಧಾರವಾಡದಿಂದ ಗದಗಿಗೆ ಬಂದಿದ್ದ. ಎಂ.ಎ. ಓದುತ್ತಿದ್ದಾನೆ, ಹಳಗನ್ನಡ ಅಂದ್ರೆ ಜೀವ.

ಕಟ್ಟೆ ಮೇಲೆ ಕೂತು ಒಂದು ವೀರಗಲ್ಲಿನ ಫೋಟೋ ಎಐಗೆ ಕೊಟ್ಟ. ಚಹಾ ಒಂದು ಗುಟುಕು ಇಳಿಯೋದರೊಳಗೆ ಅರ್ಥ ಬಂತು. ನಡುವೆ 'ಕತ್ತಿ' ಅಂತಿತ್ತು. ವೀರಗಲ್ಲು ಅಂದ ಮೇಲೆ ಕತ್ತಿ ಇರಲೇಬೇಕು. ನಾನಂತೂ ತಲೆಯಾಡಿಸಿದೆ.

ಅವನು ಫೋಟೋ ದೊಡ್ಡದು ಮಾಡಿ ನೋಡಿದ. "ಮಾಮಾ, ಇದು ಳ ಅಲ್ರಿ, ೞ."

ಹಳಗನ್ನಡದಲ್ಲಿ ಬಾಳ್ ಅಂದ್ರೆ ಕತ್ತಿ. ಬಾೞ್ ಅಂದ್ರೆ ಬದುಕು. ಕಲ್ಲಿನಲ್ಲಿ ಇದ್ದದ್ದು ಬಾೞ್, ಎಐ ಓದಿದ್ದು ಬಾಳ್. 1894ರ ಕಿಟೆಲ್ ನಿಘಂಟಿನಲ್ಲಿ ಎರಡೂ ಬೇರೆ ಬೇರೆ ಪದ. ಆ ಅಕ್ಷರವನ್ನು ನಾವು ಬಿಟ್ಟು ಶತಮಾನಗಳೇ ಆದವು, ಈಗ ಎಲ್ಲಕ್ಕೂ ಳ ಒಂದೇ. ಎಐ ಓದಿರೋದೂ ಜಾಸ್ತಿ ನಮ್ಮ ಈಗಿನ ಕನ್ನಡವನ್ನೇ ಇರಬೇಕು, ಅಲ್ವಾ? (ನಮ್ಮ ಕಡೆ 'ಬಾಳ'ಕ್ಕೆ ಇನ್ನೊಂದು ಅರ್ಥ ಐತಿ, ಅದು ಬಾಳ ದೊಡ್ಡ ಮಾತು.)

ತಪ್ಪಿದ್ದಕ್ಕೆ ಬೇಸರವಿಲ್ಲ. ಕಲ್ಲು ಓದುವವರೂ ತಪ್ಪುತ್ತಾರೆ. ಆದರೆ ಅವರು ಸವೆದ ಕಡೆ ಚುಕ್ಕಿ ಇಡುತ್ತಾರೆ, ಅನುಮಾನ ಬಂದಲ್ಲಿ ಪ್ರಶ್ನೆ ಚಿಹ್ನೆ ಹಾಕುತ್ತಾರೆ. ಈ ಎಐ ಒಂದು ಚುಕ್ಕಿಯನ್ನೂ ಇಟ್ಟಿರಲಿಲ್ಲ.

ಹುಡುಗ ಈಗ ಮೊದಲು ತಾನೇ ಓದಿ ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳುತ್ತಾನಂತೆ. ಎಐ ಹೇಳಿದ್ದು ಆಮೇಲೆ, ಪಕ್ಕದಲ್ಲಿ, ಕೆಂಪು ಪೆನ್ನಿನಲ್ಲಿ.

ನಾನೂ ಸುಮ್ನೆ ೞ ಟೈಪ್ ಮಾಡಲು ಹೋದೆ. ಮೊಬೈಲಿನಲ್ಲಿ ಹುಡುಕಿ ಹುಡುಕಿ ಸಾಕಾಯ್ತು. ಇಲ್ಲಿರೋದು ಅವನು ವಾಟ್ಸಾಪಿನಲ್ಲಿ ಕಳಿಸಿದ್ದು.