ಗಾರ್ಮೆಂಟ್ಸ್‌ಗೆ ಸೇರಿದ ಹೆಂಗಸರು ಮೊದಲ ತಿಂಗಳಲ್ಲೇ ಬಿಡುವುದೇಕೆ?

ಹಳ್ಳಿ, ಕೊಳೆಗೇರಿಗಳ ಹೆಂಗಸರನ್ನು ಬೆಂಗಳೂರು ಸುತ್ತಿನ ಗಾರ್ಮೆಂಟ್ಸ್‌ಗಳಿಗೆ ಸೇರಿಸುವ ಕೆಲಸ ನಮ್ಮದು. ಹೊಲಿಗೆ ಬರದೆ ಬಿಟ್ಟವರು ಕಡಿಮೆ, ಲೆಕ್ಕ ಕೂಡದೆ ಬಿಟ್ಟವರೇ ಜಾಸ್ತಿ. ಹೊಸದಾಗಿ ಈ ಕೆಲಸಕ್ಕೆ ಬಂದವರಿಗಾಗಿ ಇದು.

ಎಲ್ಲರೂ ಮೊದಲು ಕೇಳುವುದು, "ಗೃಹಲಕ್ಷ್ಮಿ ನಿಂತೋಗುತ್ತಾ ಅಕ್ಕಾ?" ನಿಲ್ಲುವುದಿಲ್ಲ. ಯಜಮಾನಿ ಅಥವಾ ಗಂಡ ಆದಾಯ ತೆರಿಗೆ ಕಟ್ಟುತ್ತಿದ್ದರೆ, ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುತ್ತಿದ್ದರೆ ಮಾತ್ರ ಆ 2,000 ರೂಪಾಯಿ ಇಲ್ಲ. ಎಪಿಎಲ್ ಕಾರ್ಡಿನವರಿಗೂ ಅದು ಉಂಟು. ಬಿಪಿಎಲ್ ಕಾರ್ಡಿನ ಮಾತು ಬೇರೆ. ಇಡೀ ಕುಟುಂಬದ ಆದಾಯ ವರ್ಷಕ್ಕೆ 1.20 ಲಕ್ಷ ಮೀರಬಾರದು, ಅಂದರೆ ತಿಂಗಳಿಗೆ 10,000. ಟೈಲರ್ ಒಬ್ಬಳ ಸಂಬಳವೇ ಇದನ್ನು ದಾಟುತ್ತದೆ. ಹಾಗಾಗಿ "ಏನೂ ಆಗಲ್ಲ, ಬನ್ನಿ" ಎಂದು ಕರೆದುಕೊಂಡು ಬರಬೇಡಿ. ಈ ಮಿತಿ ಇರುವ ತನಕ ಅವರ ಭಯ ಸುಮ್ಮನೆ ಹುಟ್ಟಿದ್ದಲ್ಲ. ಅಕ್ಕಿ ಹೋದರೆ ಎಷ್ಟು ನಷ್ಟ, ಸಂಬಳ ಬಂದರೆ ಎಷ್ಟು ಉಳಿತಾಯ ಎಂದು ಜೊತೆಗೆ ಕೂತು ಬರೆದು ತೋರಿಸಿ.

ನಿಜವಾಗಿ ಕೆಲಸ ಕೆಡುವುದು ದುಡ್ಡು ಕೈಗೆ ಬರುವ ತಾರೀಖಿನಲ್ಲಿ. ಕೂಲಿಯಾದರೆ ಸಂಜೆಗೇ ಕಾಸು. ಗಾರ್ಮೆಂಟ್ಸ್‌ನಲ್ಲಿ ಮುಂದಿನ ತಿಂಗಳ 7ರವರೆಗೆ ಕಾಯಬೇಕು. ಮೈಕ್ರೊಫೈನಾನ್ಸ್ ಕಂತು ಮಾತ್ರ ವಾರವಾರ ಬಂದು ನಿಲ್ಲುತ್ತದೆ. 1ನೇ ತಾರೀಖು ಸೇರಿದವರು ಮೊದಲ ಸಂಬಳ ನೋಡುವಷ್ಟರಲ್ಲಿ ಐದು ಕಂತು ಕಟ್ಟಿರಬೇಕು. ಅದಕ್ಕೇ ಕೈಯಲ್ಲಿ ಏನೂ ಇಲ್ಲದವರನ್ನು 20ರ ಆಸುಪಾಸಿನಲ್ಲಿ ಸೇರಿಸುವುದು ಒಳ್ಳೆಯದು: ಎರಡೂವರೆ ವಾರದಲ್ಲಿ ಹತ್ತು ದಿನದ ದುಡ್ಡಾದರೂ ಬರುತ್ತದೆ, ಮುಂದಿನ ತಿಂಗಳು ಪೂರ್ತಿ. ಆದರೆ ಹಾಜರಾತಿ ಲೆಕ್ಕ ಯಾವತ್ತು ಮುಚ್ಚುತ್ತಾರೆಂದು ಎಚ್‌ಆರ್ ಬಳಿ ಮೊದಲೇ ಕೇಳಿಕೊಳ್ಳಿ. ತಿಂಗಳ ಕೊನೆಗೆ ಮುಂಚೆಯೇ ಮುಚ್ಚುವ ಕಡೆ ಈ ಉಪಾಯ ತಿರುಗುಬಾಣ. ಆ ಹತ್ತು ದಿನವೂ ಮುಂದಿನ ಬಟವಾಡೆಗೆ ಹೋಗುತ್ತದೆ. ವಾರದ ಕಂತನ್ನು ತಿಂಗಳಿಗೆ ಬದಲಿಸಿಕೊಡುತ್ತಾರಾ ಎಂದು ಸೇರುವ ಮೊದಲೇ ಕೇಳಿಸಿ. ಇಲ್ಲವೆಂದರೆ ಸ್ತ್ರೀಶಕ್ತಿ ಸಂಘದಿಂದ ಒಂದು ತಿಂಗಳ ಕಂತಿನಷ್ಟೇ ಸಾಲ, ಅದಕ್ಕಿಂತ ಹೆಚ್ಚು ಬೇಡ. ಕಂತಿನ ಮೀಟಿಂಗ್ ಬೆಳಗ್ಗೆ ನಡೆಯುವ ಊರಲ್ಲಿ ಇವರ ಬದಲು ಯಾರು ಹೋಗುತ್ತಾರೆ ಎಂಬುದೂ ತೀರ್ಮಾನವಾಗಿರಬೇಕು.

ಕೈಗೆ ಬರುವ ಮೊತ್ತವನ್ನೇ ಹೇಳಿ. 12,000 ಪೂರ್ತಿ ಮೂಲ ವೇತನ, ತುಟ್ಟಿಭತ್ಯೆಯೇ ಆಗಿದ್ದರೆ ಪಿಎಫ್ (ಭವಿಷ್ಯ ನಿಧಿ) 1,440, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) 90 ಹೋಗಿ ಉಳಿಯುವುದು 10,470. ಇದನ್ನು ಹೇಳದೆ ಸೇರಿಸಿದರೆ ಮೊದಲ ತಿಂಗಳೇ "ಏಜೆಂಟ್ ತಿಂದ" ಅಂತಾರೆ. ಪಿಎಫ್ ಇವರಿಗೆ ಮುಪ್ಪಿನ ಹಣವಲ್ಲ, ಮಗಳ ಮದುವೆ, ಸಾಲ ತೀರಿಸುವ ಹಣ. ಅದನ್ನು ಹಿಂಪಡೆಯಲು ಕೇಂದ್ರ ನಿರ್ಬಂಧ ಹಾಕಿದಾಗ 2016ರ ಏಪ್ರಿಲ್‌ನಲ್ಲಿ ಇದೇ ಹೆಂಗಸರು ಬೆಂಗಳೂರಿನ ರಸ್ತೆಗಿಳಿದು ಆದೇಶ ವಾಪಸ್ ತೆಗೆಸಿದರು.

ಮಗುವಿನ ವಿಚಾರ. ಅಂಗನವಾಡಿಯಲ್ಲಿ ಕೂರಿಸಿಕೊಳ್ಳುವುದು ಮೂರು ವರ್ಷ ತುಂಬಿದವರನ್ನು, ಅದೂ ಸಂಜೆ 4ರವರೆಗೆ. ಶಿಫ್ಟ್ ಬಿಟ್ಟು ಬಸ್ ಹತ್ತಿ ಮನೆ ಸೇರುವಷ್ಟರಲ್ಲಿ ಆರೂವರೆ. ನಡುವಿನ ಆ ಎರಡೂವರೆ ಗಂಟೆಗೆ ಅತ್ತೆಯೋ ಪಕ್ಕದ ಮನೆಯವರೋ, ಹೆಸರು ಹೇಳಿ ಒಬ್ಬರನ್ನು ಗೊತ್ತುಮಾಡಿಸಿ. 50 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಡೆ ಕ್ರೆಷ್ (ಮಕ್ಕಳನ್ನು ನೋಡಿಕೊಳ್ಳುವ ಕೋಣೆ) ಇರಲೇಬೇಕೆಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ ಹೇಳಿತು. ಬೋರ್ಡ್ ನೋಡಿ ನಂಬಬೇಡಿ. ಆಯಾ ಇದ್ದಾರಾ, ಎಷ್ಟು ತಿಂಗಳ ಮಗುವನ್ನು ತಗೊಳ್ತಾರೆ, ಕಂಪನಿ ವ್ಯಾನಿನಲ್ಲಿ ಮಗುವನ್ನು ಹತ್ತಿಸಿಕೊಳ್ತಾರಾ, ಕೇಳಿ. ಶಕ್ತಿ ಯೋಜನೆಯಲ್ಲಿ ಟಿಕೆಟ್ ಉಚಿತ, ನಿಜ. ಬೆಳಗಿನ ಆ ನೂಕುನುಗ್ಗಲಲ್ಲಿ ಕೈಗೂಸು ಎತ್ತಿಕೊಂಡು ನಿಲ್ಲುವುದು ಹೇಗೆ?

ಕಾಗದಪತ್ರ: ಆಧಾರ್‌ನಲ್ಲಿ ಗಂಡನ ಹೆಸರು, ಪಾಸ್‌ಬುಕ್‌ನಲ್ಲಿ ಬರೀ ಇನಿಷಿಯಲ್ ಇದ್ದರೆ ಸೇರುವ ಮುಂಚೆಯೇ ಒಂದೇ ಥರ ಮಾಡಿಸಿ, ಆಮೇಲೆ ಪಿಎಫ್ ತೆಗೆಯುವಾಗ ಸಿಕ್ಕಿಕೊಳ್ಳುವುದು ಅಲ್ಲೇ. ರೇಷನ್ ಹೆಬ್ಬೆಟ್ಟಿಗೆ ರಜೆ ಹಾಕಿದರೆ ಒಂದು ದಿನದ ಸಂಬಳದ ಜೊತೆ ಹಾಜರಾತಿ ಬೋನಸ್ಸೂ ಹೋಗುತ್ತದೆ. ಕಾರ್ಡಿನಲ್ಲಿರುವ ಇತರರ ಇ-ಕೆವೈಸಿ ಆಗಿದ್ದರೆ ಅವರೇ ಹೋಗಿ ತರಬಹುದು. ಇಎಸ್‌ಐನ ಇ-ಪೆಹಚಾನ್ ಕಾರ್ಡಿನಲ್ಲಿ ಮಕ್ಕಳ ಹೆಸರು ಬಿಟ್ಟುಹೋಗದಂತೆ ನೋಡಿಕೊಳ್ಳಿ, ಚಿಕಿತ್ಸೆ ಸೇರಿದ ದಿನದಿಂದಲೇ ಮನೆಯವರಿಗೂ ಸಿಗುತ್ತದೆ.