ಕೂಸಿನ ಸೀಟು ಹಿಂದಕ್ಕೆ, ಆಮೇಲೆ ಗೇಟ್ ಪಾಸ್

ನಮ್ಮ ಕಾರ್ ಶೋರೂಮಿನ ಡೆಲಿವರಿ ಚೆಕ್‌ಲಿಸ್ಟ್ ಎರಡು ಪುಟ ಇದೆ. ಬ್ಲೂಟೂತ್ ಜೋಡಿಸಿದ್ದೀರಾ, ಆ್ಯಪ್ ಹಾಕಿಸಿದ್ದೀರಾ, ಸ್ಟೆಪ್ನಿ ತೋರಿಸಿದ್ದೀರಾ, ಸ್ವೀಟ್ ಬಾಕ್ಸ್ ಕೊಟ್ಟಿದ್ದೀರಾ, ಎಲ್ಲಕ್ಕೂ ಟಿಕ್ ಹಾಕಬೇಕು. ಮನೆಯಲ್ಲಿ ಪುಟ್ಟ ಮಗು ಇದೆಯಾ, ಅದನ್ನು ಎಲ್ಲಿ ಕೂರಿಸುತ್ತೀರಿ ಅಂತ ಕೇಳುವ ಸಾಲು ಮಾತ್ರ ಇಲ್ಲ. ನಾನು ದಾವಣಗೆರೆಯಲ್ಲಿ ಡೆಲಿವರಿ ನೋಡಿಕೊಳ್ಳುತ್ತೇನೆ. ಆ ಒಂದು ಸಾಲಿಗಾಗಿ ಮ್ಯಾನೇಜರ್ ಜೊತೆ ಜಗಳ ಆಡುತ್ತಲೇ ಇದ್ದೇನೆ. ಕಾರಣ, ಹೋದ ವರ್ಷದ ಆಯುಧ ಪೂಜೆ.

ಆ ದಿನ ನಮ್ಮಲ್ಲಿ ಉಸಿರಾಡೋಕೂ ಬಿಡುವಿರಲ್ಲ. ಗಾಡಿ ಕೈಗೊಪ್ಪಿಸುವ ಜಾಗ, ಡೆಲಿವರಿ ಬೇ, ತುಂಬಿತ್ತು. ಪಿಡಿಐ, ಅಂದರೆ ಕೊಡುವ ಮೊದಲಿನ ತಪಾಸಣೆ, ಮುಗಿದ ಗಾಡಿಗಳು ಹೊರಗೆ ಸಾಲಾಗಿ ನಿಂತಿದ್ದವು. ರಾಣೆಬೆನ್ನೂರು ಕಡೆಯ ಒಂದು ಕುಟುಂಬ. ಗಂಡ, ಹೆಂಡತಿ, ಏಳು ತಿಂಗಳ ಕೂಸು, ಅಜ್ಜ, ಅಜ್ಜಿ. ಪೂಜೆ ಆಗಿತ್ತು, ಗಾಲಿಗೆ ನಿಂಬೆಹಣ್ಣು ಇಟ್ಟಾಗಿತ್ತು. ರಾಹುಕಾಲಕ್ಕೆ ಇನ್ನು ಕಾಲು ಗಂಟೆ. ಗಾಡಿ ಹೊರಗೆ ಬಿಡುವ ಚೀಟಿ, ಗೇಟ್ ಪಾಸಿಗೆ ಸಹಿ ಹಾಕೋಣ ಅಂತ ಹೋದೆ.

ಮುಂದಿನ ಎಡಸೀಟಿನಲ್ಲಿ ಕೂಸಿನ ಸೀಟು ಕಟ್ಟಿತ್ತು. ಆನ್‌ಲೈನ್‌ನಲ್ಲಿ ತರಿಸಿದ, ಹಿಡಿಕೆ ಇರುವ ಇನ್‌ಫಂಟ್ ಕ್ಯಾರಿಯರ್. ಕೂಸಿನ ಮುಖ ಗಾಡಿಯ ಹಿಂಭಾಗಕ್ಕೆ, ಬೆನ್ನು ಡ್ಯಾಶ್‌ಬೋರ್ಡಿಗೆ. ಓಡಿಸುವಾಗ ಅಪ್ಪನಿಗೆ ಮುಖ ಕಾಣಲಿ ಅಂತ ನಮ್ಮ ಸೇಲ್ಸ್ ಹುಡುಗನೇ ಕಟ್ಟಿಕೊಟ್ಟಿದ್ದ. ಅದರ ಎದುರಿಗೆ, ಡ್ಯಾಶ್‌ಬೋರ್ಡಿನಲ್ಲಿ ‘ಎಸ್‌ಆರ್‌ಎಸ್ ಏರ್‌ಬ್ಯಾಗ್’ ಅಂತ ಅಚ್ಚು ಹಾಕಿದ ಜಾಗದಲ್ಲೇ, ಡಬಲ್ ಟೇಪ್ ಹಚ್ಚಿ ಕೂರಿಸಿದ ಪುಟ್ಟ ಗಣಪತಿ. ಅದನ್ನು ಮಾರಿದ್ದೂ ನಮ್ಮ ಆಕ್ಸೆಸರೀಸ್ ಕೌಂಟರೇ.

ಡ್ಯಾಶ್‌ಬೋರ್ಡಿಗೂ ಸೀಟಿನ ಬೆನ್ನಿಗೂ ನಡುವೆ ಕೈ ತೂರಿಸಿ ನೋಡಿದೆ. ನಾಲ್ಕು ಬೆರಳು ಹೋದವು. ಹೆಬ್ಬೆರಳು ಹೋಗಲಿಲ್ಲ.

ಏರ್‌ಬ್ಯಾಗ್ ಅಂದರೆ ಮೆತ್ತಗಿನ ದಿಂಬು ಅಂತ ಜನ ತಿಳಿದಿದ್ದಾರೆ. ಅದು ಮೆತ್ತಗಾಗೋದು ಪೂರ್ತಿ ಉಬ್ಬಿದ ಮೇಲೆ. ಡಿಕ್ಕಿಯಾದ ಕೂಡಲೇ, ಸೆಕೆಂಡಿನ 20ನೇ ಒಂದು ಭಾಗದೊಳಗೆ, ಮುಚ್ಚಳ ಹರಿದುಕೊಂಡು ಗಂಟೆಗೆ 200 ಕಿ.ಮೀ.ಗೂ ಮೀರಿದ ವೇಗದಲ್ಲಿ ನುಗ್ಗಿ ಬರುತ್ತದೆ. ಬೆಲ್ಟ್ ಹಾಕಿ ಹಿಂದೆ ಸರಿದು ಕೂತ ದೊಡ್ಡವರನ್ನು ಅದು ಉಳಿಸುತ್ತದೆ. ಹಿಂದೆ ಮುಖ ಮಾಡಿದ ಕೂಸಿನ ಸೀಟು ಅಷ್ಟು ಹತ್ತಿರ ಇದ್ದರೆ ಪೂರ್ತಿ ಹೊಡೆತ ಬೀಳೋದು ಸೀಟಿನ ಬೆನ್ನಿಗೆ, ಅಂದರೆ ಕೂಸಿನ ತಲೆಯ ಹಿಂದೆಯೇ. 1990ರ ದಶಕದಲ್ಲಿ ಅಮೆರಿಕದಲ್ಲಿ ಹೀಗೇ ಮಕ್ಕಳು ಸತ್ತರು. ಗಾಡಿಯಲ್ಲಿದ್ದ ದೊಡ್ಡವರು ನಡೆದು ಹೊರಗೆ ಬಂದಂಥ ಸಣ್ಣ ಡಿಕ್ಕಿಗಳಲ್ಲೂ ಸತ್ತರು.

“ಸರ್, ಈ ಸೀಟನ್ನ ಹಿಂದಕ್ಕೆ ಹಾಕ್ಬೇಕು” ಅಂದೆ.

“ಇರ್ಲಿ ಬಿಡ್ರಿ ಮೇಡಂ, ನಿಧಾನ ಹೋಗ್ತೀವಿ” ಅಂದರು ಕೂಸಿನ ಅಪ್ಪ. ಅಜ್ಜನಿಗೆ ಸಿಟ್ಟೇ ಬಂತು. “ಹಳೇ ಗಾಡ್ಯಾಗ ಮೊಮ್ಮಗಳನ್ನ ಹಿಂಗಾ ಮುಂದ ಕುಂದರಿಸಿಕೊಂಡು ಹೋಗೀವಿ. ಏನಾಗೇತಿ?”

ಅಜ್ಜ ಹೇಳಿದ್ದು ಸುಳ್ಳಲ್ಲ. ಅವರ ಹಳೇ ಗಾಡಿಯಲ್ಲಿ ಎಡಗಡೆ ಏರ್‌ಬ್ಯಾಗೇ ಇರಲಿಲ್ಲ. ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ ಆಗಿದ್ದು 2019ರಲ್ಲಿ. ಪಕ್ಕದ ಸೀಟಿನದ್ದು ಎಲ್ಲ ಹೊಸ ಕಾರಿಗೂ ಕಡ್ಡಾಯ ಆಗಿದ್ದು 2021ರ ಕೊನೆಗೆ. ಗಾಡಿ ಬದಲಾಯಿತು, ಕೂರಿಸುವ ರೂಢಿ ಬದಲಾಗಲಿಲ್ಲ. ಅದನ್ನು ಬಾಯಿ ಬಿಟ್ಟು ಹೇಳಬೇಕಾದವರು ಗಾಡಿ ಕೊಡುವ ನಾವು, ಅಲ್ವಾ?

ಅಷ್ಟರಲ್ಲಿ ಮ್ಯಾನೇಜರ್ ಫೋನು. “ಫೋಟೊ ತೆಗೆದು ಕಳಿಸ್ರಿ, ಹಿಂದೆ ಗಾಡಿ ಕಾಯ್ತಿವೆ.” ನಾನು ಗೇಟ್ ಪಾಸನ್ನು ಫೈಲಿನೊಳಗೆ ಇಟ್ಟುಕೊಂಡೆ. ವರ್ಕ್‌ಶಾಪಿನಿಂದ ಎಲೆಕ್ಟ್ರಿಷಿಯನ್‌ನ ಕರೆಸಿದೆ. ಕೆಲವು ಮಾಡೆಲ್‌ಗಳಲ್ಲಿ ಪ್ಯಾಸೆಂಜರ್ ಏರ್‌ಬ್ಯಾಗ್ ಆಫ್ ಮಾಡೋಕೆ ಡ್ಯಾಶ್‌ಬೋರ್ಡಿನ ಪಕ್ಕದಲ್ಲಿ, ಬಾಗಿಲು ತೆಗೆದರೆ ಕಾಣುವ ಹಾಗೆ, ಕೀ ಸ್ವಿಚ್ ಇರುತ್ತದೆ. ಅವನು ಬಗ್ಗಿ ನೋಡಿದ. “ಈ ಗಾಡಿಗಿಲ್ಲ ಮೇಡಂ.” ಕೂಸಿನ ಅಮ್ಮನಿಗೆ ಎಡಗಡೆಯ ಸನ್ ವೈಸರ್ ಇಳಿಸಿ ಸ್ಟಿಕರ್ ತೋರಿಸಿದೆ. ಅದರಲ್ಲಿ ಓದೋಕೆ ಏನೂ ಬೇಕಿಲ್ಲ. ಹಿಂದೆ ಮುಖ ಮಾಡಿದ ಕೂಸಿನ ಸೀಟು, ಎದುರಿಗೆ ಉಬ್ಬಿದ ಏರ್‌ಬ್ಯಾಗ್, ಮೇಲೆ ಕೆಂಪು ಗೆರೆ. ಆಕೆ ಮರುಮಾತಾಡದೆ ಕೂಸನ್ನು ಎತ್ತಿಕೊಂಡರು.

ಆಗ ಅಜ್ಜಿ ಕೈ ಚಾಚಿದರು. “ಹಂಗಾರ ನನ್ನ ತೊಡಿ ಮ್ಯಾಲ ಕೊಡ್ರಿ. ಹಿಂದ ಕುಂದರ್ತೀನಿ.”

ಎಲ್ಲರ ಮುಖದಲ್ಲೂ ನಿರಾಳ. ಫೋಟೊಗ್ರಾಫರ್ ಕ್ಯಾಮೆರಾ ಎತ್ತಿದ. ಗಡಿಯಾರ ನೋಡಿದೆ. ಇಷ್ಟಕ್ಕೇ ಬಿಟ್ಟುಬಿಡಬಹುದಿತ್ತು. ಅಜ್ಜಿಗೆ ‘ನಿಮ್ಮ ತೊಡೆ ಬೇಡ’ ಅಂದರೆ ಮನಸ್ಸಿಗೆ ಎಷ್ಟು ನೋವಾಗುತ್ತೋ, ಹಬ್ಬದ ದಿನ ಎದ್ದು ಹೋಗಿಬಿಡ್ತಾರೋ ಅಂತ ನನಗೆ ಭಯ. ಆದರೂ ಪಕ್ಕದಲ್ಲಿ ಕೂತು ಹೇಳಿದೆ. ಗಾಡಿ 50ರ ವೇಗದಲ್ಲಿ ಹೋಗಿ ಗುದ್ದಿದರೆ, ಎಂಟು ಕೆಜಿ ಕೂಸು ಆ ಗಳಿಗೆಯಲ್ಲಿ ಇಪ್ಪತ್ತು ಪಟ್ಟಿಗೂ ಜಾಸ್ತಿ ಭಾರವಾಗಿ ಕೈಯಿಂದ ಕಿತ್ತುಕೊಂಡು ಹೋಗುತ್ತದೆ. ದೊಡ್ಡ ಜೋಳದ ಚೀಲವನ್ನು ಯಾರೋ ಜಗ್ಗಿ ಎಳೆದ ಹಾಗೆ. ಎಷ್ಟೇ ಗಟ್ಟಿಯಾಗಿ ಅಪ್ಪಿಕೊಂಡರೂ ನಿಲ್ಲಲ್ಲ. ಕೂಸನ್ನೂ ಸೇರಿಸಿ ಒಂದೇ ಬೆಲ್ಟ್ ಹಾಕಿದರೆ ಇನ್ನೂ ಕೆಟ್ಟದ್ದು, ನಮ್ಮ ಭಾರವೇ ಅದನ್ನು ಅಮುಕುತ್ತದೆ.

ಅಜ್ಜಿ ಎದ್ದು ಹೋಗಲಿಲ್ಲ. ಒಂದೇ ಪ್ರಶ್ನೆ ಕೇಳಿದರು. “ಅತ್ರ ಏನ್ ಮಾಡೂದವ್ವ?”

“ಗಾಡಿ ಸೈಡಿಗೆ ನಿಲ್ಸಿ, ಎತ್ಕೊಂಡು ಸಮಾಧಾನ ಮಾಡಿ, ಮತ್ತೆ ಕಟ್ಟಿ ಹೊರಡಿ ಅಜ್ಜಿ.”

ಹೌದಾ ಅಂತ ತಲೆಯಾಡಿಸಿ, ತಾವೇ ಮೊದಲು ಹಿಂದೆ ಹತ್ತಿ ನಡುವೆ ಕೂತರು. ಪಕ್ಕದ ಸೀಟು ತಟ್ಟಿ, “ಇಲ್ಲೆ ಕಟ್ರಿ, ನಾ ನೋಡ್ತೀನಿ” ಅಂದರು.

ಹಿಂದಿನ ಎಡಗಡೆ ಕಟ್ಟಿದೆವು. ರಸ್ತೆಯ ಅಂಚಿನ ಕಡೆಯಿಂದಲೇ ಕೂಸನ್ನು ಇಳಿಸಬಹುದು. ನಮ್ಮ ಹುಡುಗ ಬೆಲ್ಟನ್ನು ಕ್ಯಾರಿಯರ್ ಮೇಲೆ ಸುಮ್ನೆ ಹಾಯಿಸಿದ್ದ. ಪಕ್ಕದ ನೀಲಿ ಕೊಕ್ಕೆಗಳೊಳಗೆ ಅದು ಹೋಗೇ ಇರಲಿಲ್ಲ. ಹಿಂದೆ ಮುಖ ಮಾಡಿದ ಸೀಟಿಗೆ ಬೆಲ್ಟ್ ಹೋಗಬೇಕಾದ ದಾರಿಗೆ ನೀಲಿ ಗುರುತು ಇರುತ್ತದೆ. ಸರಿಯಾಗಿ ತೂರಿಸಿ, ಮೊಣಕೈ ಊರಿ ಬಿಗಿ ಮಾಡಿದೆ. ಕೂಸಿಗೆ ದಪ್ಪ ಸ್ವೆಟರ್ ಹಾಕಿ ಮೇಲೆ ಕ್ಯಾರಿಯರ್‌ನ ಪಟ್ಟಿ ಕಟ್ಟಿದ್ದರು. ಸ್ವೆಟರ್ ಬಿಚ್ಚಿಸಿದಾಗ ಪಟ್ಟಿ ಜೋಲು ಬಿತ್ತು. ಹೆಗಲ ಹತ್ತಿರ ಚಿವುಟಿದರೆ ಬೆರಳಿಗೆ ಸಿಗದಷ್ಟು ಎಳೆದೆ. ಗಣಪತಿಯನ್ನು ಏರ್‌ಬ್ಯಾಗ್ ಮುಚ್ಚಳದಿಂದ ಬಿಡಿಸಿ ಅಮ್ಮನ ಕೈಗೆ ಕೊಟ್ಟೆ. ಮುಚ್ಚಳ ಹಾರಿದರೆ ಮೂರ್ತಿಯೂ ಹಾರಿ ಮುಖಕ್ಕೆ ಬರುತ್ತದೆ.

ಇಷ್ಟೊತ್ತಿಗೆ ರಾಹುಕಾಲ ಬಂದೇಬಿಟ್ಟಿತು. ಅಜ್ಜ ಗಾಡಿ ಕದಲಿಸೋಕೆ ಬಿಡಲಿಲ್ಲ. ಒಂದೂವರೆ ಗಂಟೆ ಬೇ ಅಡ್ಡ. ಆಮೇಲೆ ಬಂದ ಫೀಡ್‌ಬ್ಯಾಕ್ ಕಾಲ್‌ನಲ್ಲಿ ‘ಡೆಲಿವರಿ ತಡ’ ಅಂತ ಸ್ಕೋರ್ ಬಿತ್ತು, ಆ ತಿಂಗಳ ಇನ್ಸೆಂಟಿವ್ ಹೋಯಿತು. ಅದು ಈಗಲೂ ಚುಚ್ಚುತ್ತದೆ. ಕೂಸು ಸರಿಯಾಗಿ ಕೂತು ಹೋಯಿತಾ ಅಂತ ಆ ಕಾಲ್‌ನಲ್ಲಿ ಯಾರೂ ಕೇಳಲ್ಲ. ಚೆಕ್‌ಲಿಸ್ಟಿಗೆ ಸಾಲು ಸೇರಿಸಿ ಅಂದರೆ ‘ಫಾರ್ಮ್ಯಾಟ್ ಮೇಲಿಂದ ಬರುತ್ತೆ’ ಅನ್ನುತ್ತಾರೆ. ಸೀಟ್ ಕವರ್ ಟಾರ್ಗೆಟ್ ಮಾತ್ರ ಪ್ರತಿ ತಿಂಗಳು ಏರುತ್ತದೆ. ಸೀಟಿನೊಳಗೆ ಸೈಡ್ ಏರ್‌ಬ್ಯಾಗ್ ಇರುವ ಗಾಡಿಗೂ ಅದರ ಬಾಯಿ ಮುಚ್ಚುವ ಕವರ್ ಹಾಕಿ ಕಳಿಸುವುದನ್ನು ಕಂಡಿದ್ದೇನೆ.

ಈಗ ನಾನು ಗೇಟ್ ಪಾಸ್ ಪ್ರತಿಯ ಮೇಲೆ ಕೈಯಲ್ಲೇ ಬರೆಯುತ್ತೇನೆ: ಕೂಸು ಹಿಂದೆ, ಸೀಟು ಕಟ್ಟಿದೆ. ಸೇಲ್ಸ್ ಹುಡುಗರಿಗೂ ಕಟ್ಟೋದು ಕಲಿಸಿದ್ದೇನೆ. 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದೆ ಕೂರಿಸಿದರೆ 1000 ರೂಪಾಯಿ ದಂಡ ಅಂತ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲೇ ಇದೆ. ಜನರಿಗೆ ದಂಡ ಹೇಳಿದರೆ ನಾಟಲ್ಲ, ಡ್ಯಾಶ್‌ಬೋರ್ಡ್ ಮುಂದೆ ಆ ನಾಲ್ಕು ಬೆರಳು ತೋರಿಸಿದರೆ ನಾಟುತ್ತದೆ.

ನಿಮ್ಮ ಮನೆಯಲ್ಲಿ ಕೂಸಿದ್ದರೆ ಒಂದು ಕೆಲಸ ಮಾಡಿ. ಅದರ ಸೀಟನ್ನು ಟೆಸ್ಟ್ ಡ್ರೈವ್ ದಿನವೇ ಶೋರೂಮಿಗೆ ತನ್ನಿ. ಹಿಂದಿನ ಸೀಟಿನಲ್ಲಿ ಕಟ್ಟಿಸಿ ನೋಡಿ. ಕೆಲವು ಗಾಡಿಯಲ್ಲಿ ಬೆಲ್ಟ್ ಉದ್ದ ಸಾಲಲ್ಲ, ಕೆಲವದರಲ್ಲಿ ಮುಂದಿನ ಸೀಟು ತೀರಾ ಮುಂದಕ್ಕೆ ಸರಿಸಬೇಕಾಗುತ್ತದೆ. ಬುಕಿಂಗ್ ದುಡ್ಡು ಕಟ್ಟುವ ಮೊದಲೇ ಅದು ಗೊತ್ತಾಗಲಿ.